ಯುದ್ಧಕಾಲದ ಸಾಗಣೆ ವಿಮಾನಗಳು ಯಾಕೆ ಬಿದ್ದವು? ನಿಮ್ಮ ಪ್ರಶ್ನೆ, ನನ್ನ ಉತ್ತರ

ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ಸರಕು ಹೊತ್ತ ವಿಮಾನಗಳ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಒಂದು ಕಟ್ಟು ಪತ್ರ ಬಂದಿವೆ. ಬಾಂಬರ್, ಫೈಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂಟೆ ಹೊರುವ ವಿಮಾನದ ಬಗ್ಗೆ ಕೇಳುವವರು ಕಡಿಮೆ. ನಾನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ರೆಕ್ಕೆ ಕೆಳಗೆ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಕೆಲಸ ಮಾಡಿದವನು. ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಈ ಸಲ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮ ತಾತ ಯುದ್ಧದ ಕಾಲದಲ್ಲಿ ಅಸ್ಸಾಮಿಗೆ ಸೈನ್ಯದ ಕೆಲಸಕ್ಕೆ ಹೋಗಿದ್ದರು. "ಬೆಳಿಗ್ಗೆ ಎದ್ದರೆ ಒಂದು ವಿಮಾನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ" ಅನ್ನುತ್ತಿದ್ದರು. ನಾವು ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆವು. ಜಪಾನಿಯರು ಅಷ್ಟೊಂದು ವಿಮಾನ ಹೊಡೆದು ಉರುಳಿಸಿದ್ದರಾ? (ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ನಿಮ್ಮ ತಾತ ಹೇಳಿದ್ದು ಹೆಚ್ಚುಕಮ್ಮಿ ನಿಜ, ಮೇಷ್ಟ್ರೇ. ಆದರೆ ಹೊಡೆದವರು ಜಪಾನಿಯರಲ್ಲ.

1942ರ ಏಪ್ರಿಲ್ ಕೊನೆಗೆ ಬರ್ಮಾದ ಲಾಶಿಯೊ ಜಪಾನಿಯರ ಕೈಗೆ ಹೋಯಿತು. ಚೀನಾಕ್ಕೆ ಸಾಮಾನು ಹೋಗುತ್ತಿದ್ದ ಬರ್ಮಾ ರಸ್ತೆ ಶುರುವಾಗುತ್ತಿದ್ದುದೇ ಅಲ್ಲಿಂದ. ರಸ್ತೆ ಮುಚ್ಚಿತು. ಚೀನಾ ಸೈನ್ಯಕ್ಕೆ, ಅಲ್ಲಿದ್ದ ಅಮೆರಿಕನ್ ವಿಮಾನಗಳಿಗೆ ಪೆಟ್ರೋಲ್, ಮದ್ದುಗುಂಡು, ಬಿಡಿಭಾಗ ಏನೇ ಹೋಗಬೇಕಾದರೂ ಆಕಾಶದಲ್ಲೇ ಹೋಗಬೇಕಾಯಿತು. ಅಸ್ಸಾಮಿನ ಚಬುವಾ, ದಿಂಜಾನ್, ಮೋಹನ್‌ಬಾರಿ, ಜೋರ್ಹಾಟ್‌ಗಳಲ್ಲಿ ಚಹಾ ತೋಟಗಳ ಮಧ್ಯೆ ರನ್‌ವೇ ಹಾಕಿದರು. ಅಲ್ಲಿಂದ ಚೀನಾದ ಕುನ್ಮಿಂಗ್‌ಗೆ ಸುಮಾರು 800 ಕಿಲೋಮೀಟರ್. ಮಧ್ಯೆ ಪಟ್ಕಾಯ್ ಬೆಟ್ಟ, ಆಮೇಲೆ ಇರಾವತಿ, ಸಾಲ್ವೀನ್, ಮೆಕಾಂಗ್ ನದಿಗಳ ಕಣಿವೆಗಳು, ಒಂದಾದ ಮೇಲೊಂದು ಏಳುವ ಪರ್ವತದ ಸಾಲು. ಮುಖ್ಯ ಸಾಲನ್ನು ದಾಟಲು 15,000 ಅಡಿಗಿಂತ ಮೇಲೆ ಹೋಗಬೇಕು. ಅಮೆರಿಕನ್ ಪೈಲಟ್‌ಗಳು ಅದನ್ನು 'ಹಂಪ್' ಅಂತ ಕರೆದರು. ನಮ್ಮ ರಸ್ತೆಯಲ್ಲಿ ಬಸ್ಸು ಎತ್ತಿ ಹಾಕುತ್ತದಲ್ಲ, ಅದೇ ಹಂಪ್. ಒಂಟೆಯ ಡುಬ್ಬದ ಥರ ಎದ್ದು ನಿಂತ ಬೆಟ್ಟ.

ಈ ಸಾಗಣೆ 1945ರ ನವೆಂಬರ್‌ವರೆಗೂ ನಡೆಯಿತು. ಸುಮಾರು ಆರೂವರೆ ಲಕ್ಷ ಟನ್ ಸರಕು ದಾಟಿತು. ಹೋದ ವಿಮಾನಗಳು ಹತ್ತಿರ ಹತ್ತಿರ 600. ಸತ್ತವರು, ಪತ್ತೆಯಾಗದೆ ಹೋದವರು ಸೇರಿ 1,600ಕ್ಕೂ ಹೆಚ್ಚು ಜನ. ಭಾಗಿಸಿ ನೋಡಿ, ಎರಡು ದಿನಕ್ಕೊಂದು ವಿಮಾನ. ಬಿಸಿಲು ಬಿದ್ದ ದಿನ ಕೆಳಗೆ ನೋಡಿದರೆ ಬೆಟ್ಟದ ಪಕ್ಕದಲ್ಲಿ ಬಿದ್ದ ವಿಮಾನಗಳ ಚೂರು ಮಿನುಗುತ್ತಿತ್ತಂತೆ. ಆ ದಾರಿಗೇ 'ಅಲ್ಯೂಮಿನಿಯಂ ಹಾದಿ' ಅಂತ ಹೆಸರು ಬಿತ್ತು.

ಜಪಾನಿಯರ ಪಾಲು ಇದರಲ್ಲಿ ಚಿಕ್ಕದು. ಅವರು ಮಾಡಿದ ದೊಡ್ಡ ತೊಂದರೆ ಬೇರೆಯೇ. ಬರ್ಮಾದ ಮಿಚಿನಾ ವಿಮಾನ ನಿಲ್ದಾಣ ಅವರ ಕೈಯಲ್ಲಿ ಇರುವವರೆಗೂ ನಮ್ಮ ಕಡೆಯ ವಿಮಾನಗಳು ಅವರ ಕಣ್ಣು ತಪ್ಪಿಸಲು ಉತ್ತರಕ್ಕೆ, ಇನ್ನೂ ಎತ್ತರದ ಬೆಟ್ಟಗಳ ಮೇಲೆ ಸುತ್ತಿಕೊಂಡು ಹೋಗಬೇಕಿತ್ತು. 1944ರ ಮೇ ತಿಂಗಳಲ್ಲಿ ಆ ನಿಲ್ದಾಣ ಕೈಗೆ ಬಂದ ಮೇಲೆ ದಕ್ಷಿಣದ ತಗ್ಗು ದಾರಿ ತೆರೆಯಿತು.

ಇನ್ನು ನಿಜವಾದ ಕಾರಣಗಳು. ಮೊದಲನೆಯದು ಹವಾಮಾನ. ಬಂಗಾಳ ಕೊಲ್ಲಿಯಿಂದ ಬರುವ ಒದ್ದೆ ಗಾಳಿ, ಟಿಬೆಟ್ ಕಡೆಯಿಂದ ಇಳಿಯುವ ಚಳಿ ಗಾಳಿ, ಎರಡೂ ಈ ಬೆಟ್ಟಗಳ ಮೇಲೇ ಸಿಕ್ಕಿಕೊಳ್ಳುತ್ತವೆ. ಗಂಟೆಗೆ 160 ಕಿಲೋಮೀಟರ್ ಮೀರಿದ ಗಾಳಿ ಅಲ್ಲಿ ಮಾಮೂಲು. ಮೋಡದೊಳಗೆ ಹೊಕ್ಕ ವಿಮಾನ ಒಂದೇ ನಿಮಿಷದಲ್ಲಿ ಸಾವಿರಾರು ಅಡಿ ಮೇಲಕ್ಕೆ ಹಾರಿ, ಅಷ್ಟೇ ವೇಗದಲ್ಲಿ ಕೆಳಕ್ಕೆ ಕುಸಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಮಂಜುಗಡ್ಡೆ. ಎಷ್ಟೋ ಜನ ಮಂಜು ಕಟ್ಟಿದರೆ ಭಾರ ಜಾಸ್ತಿಯಾಗಿ ವಿಮಾನ ಬೀಳುತ್ತದೆ ಅಂದುಕೊಳ್ಳುತ್ತಾರೆ. ಭಾರ ಒಂದು ಕಡೆ ಇರಲಿ, ರೆಕ್ಕೆಯ ಆಕಾರವೇ ಕೆಡುತ್ತದೆ. ರೆಕ್ಕೆಯ ಮುಂದಂಚು ನುಣ್ಣಗಿದ್ದರೆ ತಾನೇ ಗಾಳಿ ಸರಿಯಾಗಿ ಹರಿದು ವಿಮಾನ ಎತ್ತಿ ಹಿಡಿಯುವುದು? ಅಲ್ಲಿ ಒರಟು ಹೆಪ್ಪು ಕಟ್ಟಿತು ಅಂದರೆ ಎತ್ತುವ ಶಕ್ತಿಯೇ ಹೋಯಿತು. ಜೊತೆಗೆ ಕಾರ್ಬೊರೇಟರಿನಲ್ಲೂ ಮಂಜು ಕಟ್ಟಿ ಇಂಜಿನ್ ಉಸಿರು ಕಟ್ಟುತ್ತದೆ. 1945ರ ಜನವರಿ 6 ಮತ್ತು 7ರ ನಡುವಿನ ಒಂದು ಬಿರುಗಾಳಿಯಲ್ಲಿ ಹತ್ತಕ್ಕೂ ಹೆಚ್ಚು ವಿಮಾನ ಹೋದವು. ಗುಂಡು ಹಾರಿಸಿದವರು ಯಾರೂ ಇಲ್ಲ.

ಎರಡನೆಯದು ಮನುಷ್ಯರ ದಣಿವು. ಇದನ್ನು ಓದಿದಾಗ ನನಗೆ ಹೊಟ್ಟೆ ಕಲಸಿತು. 650 ಗಂಟೆ ಹಾರಾಟ ಮುಗಿಸಿದರೆ ಪೈಲಟ್ ಊರಿಗೆ ಹೋಗಬಹುದು ಅಂತ ನಿಯಮ ಇತ್ತು. ಊರಿನ ಆಸೆ ಯಾರಿಗಿಲ್ಲ? ಹುಡುಗರು ತಿಂಗಳಿಗೆ 165 ಗಂಟೆವರೆಗೂ ಹಾರಿ, ನಾಲ್ಕೇ ತಿಂಗಳಲ್ಲಿ ಲೆಕ್ಕ ಮುಗಿಸಲು ನೋಡುತ್ತಿದ್ದರು. ನಿದ್ದೆಗಣ್ಣಲ್ಲಿ, ಮಳೆಯಲ್ಲಿ, ರಾತ್ರಿ ಹೊತ್ತು. ಅವರಲ್ಲಿ ಎಷ್ಟೋ ಮಂದಿ ತರಬೇತಿ ಮುಗಿಸಿ ಆಗಷ್ಟೇ ಬಂದವರು. 1944ರ ಜನವರಿಯಲ್ಲಿ ಪ್ರತಿ ಸಾವಿರ ಗಂಟೆ ಹಾರಾಟಕ್ಕೆ ಸುಮಾರು ಎರಡು ಅಪಘಾತ ಆಗುತ್ತಿದ್ದವು.

ಪ್ರಶ್ನೆ: ಹಾಗಾದರೆ ಅದನ್ನು ಸರಿಮಾಡಲು ಯಾರೂ ನೋಡಲಿಲ್ಲವೇ? ಯುದ್ಧ ಅಂದಮೇಲೆ ಸಾಯುವುದೇ ಅಂತ ಬಿಟ್ಟುಬಿಟ್ಟರೇ? (ಗೃಹಿಣಿ, ದಾವಣಗೆರೆ)

ಉತ್ತರ: ನೋಡಿದರು ಅಮ್ಮಾ. ತಡವಾಗಿ ನೋಡಿದರು.

ಮೊದಮೊದಲು ಮೇಲಿನವರಿಗೆ ಬೇಕಿದ್ದದ್ದು ಟನ್ ಲೆಕ್ಕ ಒಂದೇ. ಈ ತಿಂಗಳು ಎಷ್ಟು ದಾಟಿತು, ಮುಂದಿನ ತಿಂಗಳು ಇನ್ನಷ್ಟು ದಾಟಬೇಕು. 1943ರ ಕೊನೆಗೆ ರಾತ್ರಿ ಹಾರಾಟ ಶುರುವಾಯಿತು. ಹವಾಮಾನ ಕೆಟ್ಟಿದೆ ಅಂತ ವಿಮಾನ ನಿಲ್ಲಿಸುವ ಮಾತೇ ಇಲ್ಲ ಅನ್ನುವ ಹುಕುಂ ಬಂತು. ಟನ್ ಏರಿತು, ಸಾವೂ ಏರಿತು.

1944ರ ಸೆಪ್ಟೆಂಬರಿನಲ್ಲಿ ವಿಲಿಯಂ ಟನರ್ ಅನ್ನುವ ಅಮೆರಿಕನ್ ಜನರಲ್ ಬಂದರು. ನಾಲ್ಕು ವರ್ಷದ ಮೇಲೆ ಬರ್ಲಿನ್ ನಗರಕ್ಕೆ ಆಕಾಶದಲ್ಲಿ ಅನ್ನ, ಕಲ್ಲಿದ್ದಲು ಸಾಗಿಸಿದವರು ಇವರೇ. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ 650 ಗಂಟೆಯ ನಿಯಮ ಬದಲಾಯಿಸಿದ್ದು. 750 ಗಂಟೆ ಆಗಬೇಕು, ಜೊತೆಗೆ ಒಂದು ವರ್ಷ ಇರಲೇಬೇಕು ಅಂದರು. ಪೈಲಟ್‌ಗಳು ಬೈದುಕೊಂಡರು. ಆದರೆ ಅವಸರದಿಂದ ಹಾರಿ ಪ್ರಯೋಜನವಿಲ್ಲ ಅಂತಾದ ಮೇಲೆ ನಿದ್ದೆ ಮಾಡಲು ಶುರುಮಾಡಿದರು.

ಇನ್ನೊಂದು ಕೆಲಸ ರಿಪೇರಿ ವಿಧಾನದ್ದು. ಅದನ್ನು ಮೆಕ್ಯಾನಿಕ್ ಆಗಿ ನಾನು ಮೆಚ್ಚುತ್ತೇನೆ. ಮೊದಲು ಒಂದು ವಿಮಾನಕ್ಕೆ ಒಂದು ತಂಡ, ಅದೇ ತಂಡ ಎಲ್ಲ ನೋಡಬೇಕಿತ್ತು. ಟನರ್ ಕಾರ್ಖಾನೆಯ ಹಾಗೆ ಸಾಲು ಮಾಡಿದರು. ವಿಮಾನವನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವುದು, ಒಂದು ಕಡೆ ತೊಳೆಯುವುದು, ಒಂದು ಕಡೆ ಇಂಜಿನ್, ಮತ್ತೊಂದು ಕಡೆ ಉಪಕರಣ. ಒಂದೊಂದು ನಿಲ್ದಾಣದಲ್ಲಿ ಆದಷ್ಟೂ ಒಂದೇ ಜಾತಿಯ ವಿಮಾನ. ಅಸ್ಸಾಮಿನ ಬೇಸಿಗೆಯಲ್ಲಿ ಹಗಲು ವಿಮಾನದ ಮೈ ಮುಟ್ಟಿದರೆ ಕೈ ಸುಡುತ್ತಿತ್ತು, ರಾತ್ರಿ ದೀಪ ಹಾಕಿಕೊಂಡು ಬೋಲ್ಟ್ ಬಿಗಿಯುತ್ತಿದ್ದರು. ಅಪಘಾತ ಆದ ಪ್ರತಿ ಸಲ ಯಾಕಾಯಿತು ಅಂತ ಕೂತು ಹುಡುಕುವ ಅಧಿಕಾರಿಗಳನ್ನು ಇಟ್ಟರು. 1945ರ ಜುಲೈ ಒಂದೇ ತಿಂಗಳಲ್ಲಿ 71,000 ಟನ್ ದಾಟಿತು, ಅಪಘಾತದ ಪ್ರಮಾಣ ಮಾತ್ರ ಮೊದಲಿದ್ದುದರ ಒಂದು ಸಣ್ಣ ಪಾಲಿಗೆ ಇಳಿದಿತ್ತು. ಬೆಟ್ಟ ಅದೇ, ಮಳೆ ಅದೇ. ಮೊದಲೇ ಹೀಗೆ ಮಾಡಿದ್ದರೆ ನೂರಾರು ಹುಡುಗರು ಮನೆಗೆ ಹೋಗುತ್ತಿದ್ದರು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಹಂಪ್ ಮೇಲೆ ಹಾರಿದ ಸಿ-46 ವಿಮಾನವನ್ನು 'ಹಾರುವ ಶವಪೆಟ್ಟಿಗೆ' ಅನ್ನುತ್ತಿದ್ದರಂತೆ. ಅಷ್ಟು ಕೆಟ್ಟದಾಗಿದ್ದರೆ ಯಾಕೆ ಬಳಸಿದರು? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಮೊದಲಿದ್ದ ಸಿ-47, ಅಂದರೆ ನಮಗೆಲ್ಲ ಗೊತ್ತಿರುವ ಡಕೋಟಾ, ನಂಬಿಕೆಯ ವಿಮಾನ. ಆದರೆ ತುಂಬು ಭಾರ ಹೊತ್ತು ಆ ಎತ್ತರಕ್ಕೆ ಏರಲು ಏದುಸಿರು ಬಿಡುತ್ತಿತ್ತು. ಸಿ-46 ಅದರ ಸುಮಾರು ಎರಡರಷ್ಟು ಸರಕು ಹೊರುತ್ತಿತ್ತು, ಇಂಜಿನ್ ಒಂದೊಂದೂ 2,000 ಅಶ್ವಶಕ್ತಿ. ಆ ಕೆಲಸಕ್ಕೆ ಅಂಥದ್ದೇ ಬೇಕಿತ್ತು. ತೊಂದರೆ ಏನೆಂದರೆ, ಅದನ್ನು ಪೂರ್ತಿ ಪರೀಕ್ಷೆ ಮಾಡುವ ಮೊದಲೇ 1943ರಲ್ಲಿ ಹಂಪ್‌ಗೆ ಕಳಿಸಿಬಿಟ್ಟರು. ನೂರಾರು ತಿದ್ದುಪಡಿ ಬಾಕಿ ಇದ್ದವು.

ಇಂಜಿನ್ ಕೆಡುತ್ತಿತ್ತು, ಹೈಡ್ರಾಲಿಕ್, ಅಂದರೆ ಒತ್ತಡದಿಂದ ಭಾಗಗಳನ್ನು ನಡೆಸುವ ಎಣ್ಣೆ, ಸೋರುತ್ತಿತ್ತು, ಪ್ರೊಪೆಲ್ಲರ್ ಹೇಳಿದ ಮಾತು ಕೇಳುತ್ತಿರಲಿಲ್ಲ. ಇದೆಲ್ಲ ಇರಲಿ. ನಡುಗಿಸಿದ್ದು ಬೇರೆ. ಕೆಲವು ಸಿ-46ಗಳು ಏನೂ ಸುಳಿವಿಲ್ಲದೆ ಆಕಾಶದಲ್ಲೇ ಬೆಂಕಿ ಹೊತ್ತಿ ಸಿಡಿಯುತ್ತಿದ್ದವು. 1943ರ ಮೇ ತಿಂಗಳಿಂದ 1945ರ ಮಾರ್ಚ್‌ವರೆಗೆ ಕನಿಷ್ಠ 31 ಸಲ ಹೀಗೆ ಬೆಂಕಿ, ಸ್ಫೋಟ ಆದದ್ದು ದಾಖಲಾಗಿದೆ. ಕಾಣೆಯಾದವು ಆ ಲೆಕ್ಕದಲ್ಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಟ್ಯಾಂಕಿನಿಂದ, ಪೈಪಿನಿಂದ ಹನಿ ಹನಿಯಾಗಿ ಸೋರಿದ ಪೆಟ್ರೋಲ್ ರೆಕ್ಕೆಯೊಳಗಿನ ಸಂದಿಯಲ್ಲಿ ನಿಲ್ಲುತ್ತಿತ್ತು. ಅದರ ಆವಿ ಹೊರಗೆ ಹೋಗಲು ದಾರಿ ಇರಲಿಲ್ಲ. ಅಡುಗೆಮನೆ ಕಿಟಕಿ ಮುಚ್ಚಿದಾಗ ಗ್ಯಾಸ್ ಸೋರಿದ ಹಾಗೆ. ವೈರಿನಿಂದ ಒಂದು ಕಿಡಿ ಸಾಕು. ರೆಕ್ಕೆಗೆ ಗಾಳಿಯಾಡುವ ಕಿಂಡಿ ಮಾಡಿದರು, ಸಮಸ್ಯೆ ಹೋಯಿತು. ನೀನು ಇಂಜಿನಿಯರ್ ಆಗುವವನು, ಇದನ್ನು ನೆನಪಿಟ್ಟುಕೋ ಮಗೂ: ಅಷ್ಟು ದೊಡ್ಡ ವಿಮಾನ, ಅಷ್ಟು ಜನ, ಪರಿಹಾರ ಒಂದು ಕಿಂಡಿ.

ಇದರ ಜೊತೆಗೇ ಸಿ-109 ಅಂತ ಇನ್ನೊಂದಿತ್ತು. ಬಾಂಬರ್ ಒಂದನ್ನು ಮಾರ್ಪಡಿಸಿ ಬರೀ ಪೆಟ್ರೋಲ್ ಟ್ಯಾಂಕ್ ಮಾಡಿದ್ದರು. ಚೀನಾದ ನಿಲ್ದಾಣಗಳು 6,000 ಅಡಿ ಎತ್ತರದಲ್ಲಿ, ಗಾಳಿ ತೆಳು. ತುಂಬಿದ ಟ್ಯಾಂಕ್ ಹೊತ್ತು ಅಲ್ಲಿ ಇಳಿಸುವುದು ಬಲು ಕಷ್ಟ. ಇಳಿಯುವಾಗ ಎಡವಟ್ಟಾದರೆ ಉಳಿಯುವವರು ಯಾರೂ ಇರುತ್ತಿರಲಿಲ್ಲ.

ಪ್ರಶ್ನೆ: ಪ್ಯಾರಾಶೂಟಿನಲ್ಲಿ ಹಾರಿದವರು ಆ ಕಾಡಿನಲ್ಲಿ ಬದುಕುತ್ತಿದ್ದರಾ? (ಓದುಗರು, ಸಾಗರ)

ಉತ್ತರ: ಬದುಕಿದವರು ಕಡಿಮೆಯೇನಿಲ್ಲ. ನಡೆದು ಬಂದವರು, ಹುಡುಕಿ ತಂದವರು ಸೇರಿ ಸುಮಾರು 1,200 ಜನ ಅನ್ನುತ್ತಾರೆ.

ಒಂದು ಘಟನೆ ಹೇಳುತ್ತೇನೆ. 1943ರ ಆಗಸ್ಟ್ 2. ಚಬುವಾದಿಂದ ಹೊರಟ ಒಂದು ಸಿ-46ರ ಎಡಗಡೆ ಇಂಜಿನ್ ನಾಗಾ ಬೆಟ್ಟಗಳ ಮೇಲೆ ಕೈಕೊಟ್ಟಿತು. ಒಳಗೆ 21 ಜನ. ಅಮೆರಿಕದ ಹೆಸರಾಂತ ರೇಡಿಯೊ ಪತ್ರಕರ್ತ ಎರಿಕ್ ಸೆವರೈಡ್ ಕೂಡ ಇದ್ದರು. ಜೀವಮಾನದಲ್ಲಿ ಪ್ಯಾರಾಶೂಟ್ ಕಟ್ಟಿಕೊಳ್ಳದವರು ಬಾಗಿಲಿಗೆ ಬಂದು ಕೆಳಗಿನ ಹಸಿರು ನೋಡಿ ಹಾರಿದರು. ಸಹ ಪೈಲಟ್ ಒಬ್ಬರನ್ನು ಬಿಟ್ಟು ಉಳಿದ 20 ಮಂದಿ ಬದುಕಿದರು. ಅವರು ಬಿದ್ದದ್ದು ಪಾಂಗ್ಷಾ ಅನ್ನುವ ನಾಗಾ ಹಳ್ಳಿಯ ಹತ್ತಿರ, ತಲೆ ಕಡಿಯುವ ಪದ್ಧತಿ ಇನ್ನೂ ಇದ್ದ ಸೀಮೆ. ಹಳ್ಳಿಯವರು ಈಟಿ ಹಿಡಿದು ಬಂದರು. ಬಂದವರು ಊಟ ಕೊಟ್ಟರು, ಇರಲು ಜಾಗ ಕೊಟ್ಟರು.

ನನಗೆ ಮರೆಯಲಾಗದ್ದು ಡಾಕ್ಟರ್ ಡಾನ್ ಫ್ಲಿಕಿಂಜರ್. ಸೈನ್ಯದ ವೈದ್ಯರು. ಗಾಯಾಳುಗಳಿದ್ದಾರೆ ಅಂತ ಗೊತ್ತಾದ ಕೂಡಲೇ, ಇಬ್ಬರು ಸಹಾಯಕರನ್ನು ಕರೆದುಕೊಂಡು, ವಾಪಸ್ ಬರುವ ದಾರಿ ಗೊತ್ತಿಲ್ಲದೆಯೇ ಅದೇ ಕಾಡಿಗೆ ಹಾರಿದರು. ಮೊಕೋಕ್‌ಚುಂಗ್‌ನಲ್ಲಿದ್ದ ಫಿಲಿಪ್ ಆಡಮ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ ನಾಗಾ ಜನರ ತಂಡ ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿದು ಬಂದು, ಎಲ್ಲರನ್ನೂ ನಡೆಸಿಕೊಂಡು ಹೋದರು. ಮಳೆಗಾಲ, ಜಿಗಣೆ, ಕೊಚ್ಚೆ. ಅಷ್ಟೂ ಜನ ಆಗಸ್ಟ್ ಕೊನೆಯ ಹೊತ್ತಿಗೆ ಹೊರಗೆ ಬಂದರು.

ಪ್ರಶ್ನೆ: ನಮ್ಮ ಬೆಂಗಳೂರಿಗೂ ಈ ಹಂಪ್‌ಗೂ ಏನಾದರೂ ಸಂಬಂಧ ಇದೆಯಾ? (ಓದುಗರು, ಮಾರತಹಳ್ಳಿ)

ಉತ್ತರ: ನಿಮ್ಮ ಮನೆಯ ಪಕ್ಕದಲ್ಲೇ ಇದೆ! ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು, ಅದೇ ನಮ್ಮ ಎಚ್‌ಎಎಲ್, 1943ರಲ್ಲಿ ಅಮೆರಿಕನ್ ವಾಯುಸೇನೆಗೆ ವಹಿಸಿದರು. 84ನೇ ಏರ್ ಡಿಪೋ ಅಂತ ಅದಕ್ಕೆ ಹೆಸರು. ಭಾರತ, ಬರ್ಮಾ ಕಡೆ ಹಾರುತ್ತಿದ್ದ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿಯೆಲ್ಲ ಅಲ್ಲಿ ನಡೆಯಿತು. ಮೊದಲು ಬಿಚ್ಚಿ ಕಟ್ಟಿದ್ದು ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನ. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ನೊರೆಯಿಂದ ಸುದ್ದಿಯಾಗಿದ್ದ ಅದೇ ಕೆರೆ. ಅಲ್ಲಿ ಓಡಾಡುವಾಗ ಒಂದು ಸಲ ನಿಂತು ನೆನಪಿಸಿಕೊಳ್ಳಿ. ನಿಮ್ಮ ಮನೆಯ ಹಿರಿಯರು ಯಾರಾದರೂ ಆಗ ಅಲ್ಲಿ ಕೆಲಸ ಮಾಡಿದ್ದರೆ, ಹಳೇ ಫೋಟೊ, ಪಾಸು ಏನಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ.

ಪ್ರಶ್ನೆ: ಅಫ್ಘಾನಿಸ್ತಾನದಲ್ಲಿ ದೊಡ್ಡ ವಿಮಾನವೊಂದು ಏರುತ್ತಲೇ ಆಕಾಶದಲ್ಲಿ ನಿಂತಂತಾಗಿ ಬೀಳುವ ವಿಡಿಯೋ ನೋಡಿದೆ. ಇಂಜಿನ್ ಓಡುತ್ತಿದ್ದರೂ ಹಾಗೆ ಹೇಗೆ ಬೀಳುತ್ತದೆ? (ಪಿಯುಸಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಎತ್ತಿನ ಗಾಡಿ ನೋಡಿದ್ದೀಯಲ್ಲ ಪುಟ್ಟಿ? ಗಾಡಿಯ ಹಿಂದೆ ಭಾರ ಜಾಸ್ತಿ ಹೇರಿದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕತ್ತು ಎಳೆಯುತ್ತದೆ. ಕಬ್ಬಿನ ಗಾಡಿಯವರನ್ನು ಕೇಳು, ಹೇಳುತ್ತಾರೆ. ವಿಮಾನಕ್ಕೂ ಅದೇ ಲೆಕ್ಕ. ಭಾರದ ಮಧ್ಯಬಿಂದು ರೆಕ್ಕೆಯ ಆಸುಪಾಸಿನಲ್ಲಿ ಒಂದು ಸಣ್ಣ ಮಿತಿಯೊಳಗೇ ಇರಬೇಕು. ಹಿಂದಕ್ಕೆ ಸರಿದರೆ ಮೂತಿ ಮೇಲೇಳುತ್ತದೆ, ಮೂತಿ ತೀರಾ ಎದ್ದರೆ ರೆಕ್ಕೆ ಗಾಳಿಯನ್ನು ಹಿಡಿಯುವುದಿಲ್ಲ, ಇಂಜಿನ್ ಎಷ್ಟು ಕೂಗಿದರೂ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ.

ನೀನು ನೋಡಿದ್ದು 2013ರ ಏಪ್ರಿಲ್ 29ರಂದು ಬಗ್ರಾಮ್‌ನಲ್ಲಿ ಬಿದ್ದ ಬೋಯಿಂಗ್ 747. ಸೈನ್ಯದ ಸರಕು ಹೊತ್ತ ಖಾಸಗಿ ವಿಮಾನ. ಒಳಗೆ ಐದು ಕವಚ ವಾಹನ, ಒಂದೊಂದೂ ಹನ್ನೆರಡರಿಂದ ಹದಿನೆಂಟು ಟನ್. ಅಂಥ ಗಾತ್ರಕ್ಕೆ ಬೇಕಾದಷ್ಟು ಪಟ್ಟಿ ಬಿಗಿದಿರಲಿಲ್ಲ, ಬಿಗಿಯುವ ಲೆಕ್ಕವೇ ತಪ್ಪಿತ್ತು. ಮೇಲೇರುವಾಗ ಹಿಂದಿನ ವಾಹನ ಕಿತ್ತುಕೊಂಡು ಹಿಂದಕ್ಕೆ ಜಾರಿತು. ಬರೀ ಭಾರ ಸರಿದಿದ್ದರೂ ಪೈಲಟ್ ಏನಾದರೂ ಮಾಡುತ್ತಿದ್ದರೇನೋ. ಆ ವಾಹನ ಹಿಂದಿನ ಗೋಡೆ ಒಡೆದು, ಹೈಡ್ರಾಲಿಕ್ ಪೈಪುಗಳನ್ನೂ ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂವನ್ನೂ ಮುರಿದು ಹಾಕಿತು. ಏಳು ಜನ ಸತ್ತರು. ಮೂತಿ ಇಳಿಸಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆ ವಿಡಿಯೋವನ್ನು ದಯವಿಟ್ಟು ಮುಂದೆ ಯಾರಿಗೂ ಕಳಿಸಬೇಡ, ಆ ಏಳು ಜನರ ಮನೆಯವರೂ ಫೋನ್ ನೋಡುತ್ತಾರೆ.

ಪ್ರಶ್ನೆ: ಒಂದು ಡಬ್ಬಿಯಿಂದ ವಿಮಾನ ಬಿತ್ತು ಅಂತ ಎಲ್ಲೋ ಓದಿದೆ. ನಂಬಬಹುದಾ? (ಓದುಗರು, ಕಲಬುರಗಿ)

ಉತ್ತರ: ನಂಬಬೇಕಾದದ್ದೇ. 2015ರ ಅಕ್ಟೋಬರ್, ಅಫ್ಘಾನಿಸ್ತಾನದ ಜಲಾಲಾಬಾದ್, ನಡುರಾತ್ರಿ. ಅಮೆರಿಕದ ಸಿ-130 ಸಾಗಣೆ ವಿಮಾನಕ್ಕೆ ಹಿಂದಿನಿಂದ ಎತ್ತರದ ಸಾಮಾನು ಏರಿಸುತ್ತಿದ್ದರು. ವಿಮಾನದ ಮೂತಿ ಏಳಿಸಿ ಇಳಿಸುವ ಬಾಲದ ಹಲಗೆ ಅಡ್ಡ ಬರುತ್ತಿತ್ತು, ಅದು ಮೇಲೆತ್ತಿಕೊಂಡೇ ಇರಲಿ ಅಂತ ಪೈಲಟ್ ತನ್ನ ಮುಂದಿನ ಹಿಡಿಕೆಗೆ ರಾತ್ರಿ ನೋಡುವ ಕನ್ನಡಕದ ಗಟ್ಟಿ ಡಬ್ಬಿಯನ್ನು ಆನಿಸಿದರು. ಸಾಮಾನು ಏರಿತು. ಡಬ್ಬಿ ತೆಗೆಯುವುದು ಮರೆತುಹೋಯಿತು. ಕತ್ತಲು, ದಣಿವು, ಇಬ್ಬರು ಪೈಲಟ್‌ಗಳ ಕಣ್ಣಿಗೂ ಬೀಳಲಿಲ್ಲ. ವಿಮಾನ ನೆಲ ಬಿಟ್ಟ ಕೂಡಲೇ ಮೂತಿ ಎತ್ತುತ್ತಲೇ ಹೋಯಿತು, ಅರ್ಧ ನಿಮಿಷದೊಳಗೆ ಎಲ್ಲ ಮುಗಿಯಿತು. ಒಳಗಿದ್ದ 11 ಜನ, ಕೆಳಗೆ ಕಾವಲು ಗೋಪುರದಲ್ಲಿದ್ದ ಮೂವರು ಆಫ್ಘನ್ನರು.

ನನ್ನ ಅನುಭವ ಒಂದು ಹೇಳುತ್ತೇನೆ. ನಮ್ಮಲ್ಲಿ ಸಲಕರಣೆ ಇಡುವ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದಿರುತ್ತಿದ್ದರು. ಕೆಲಸ ಮುಗಿದ ಮೇಲೆ ಜಾಗ ಖಾಲಿ ಕಂಡರೆ ಒಂದು ಕಡಿಮೆ ಅಂತ ಅರ್ಥ. ಒಂದು ಸಂಜೆ ಹತ್ತನೇ ನಂಬರಿನ ಜಾಗ ಖಾಲಿ. ವಿಮಾನ ರಾತ್ರಿ ಹೊರಡಬೇಕು. ಮೇಲಿನವರು ಅವಸರ ಮಾಡಿದರು, ಹತ್ತು ರೂಪಾಯಿ ಸ್ಪ್ಯಾನರ್ ತಾನೇ ಅಂದರು. ನಮ್ಮ ಸಾರ್ಜೆಂಟ್ ಒಪ್ಪಲಿಲ್ಲ. ಎಲ್ಲ ಮುಚ್ಚಳ ಮತ್ತೆ ಬಿಚ್ಚಿಸಿದರು. ರೆಕ್ಕೆಯೊಳಗೆ ಟಾರ್ಚ್ ಹಿಡಿದು, ಕನ್ನಡಿ ತೂರಿಸಿ ನೋಡಿದೆವು. ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು, ಕೇಬಲ್ ಸುತ್ತುವ ರಾಟೆಯಿಂದ ಒಂದು ಗೇಣು ದೂರದಲ್ಲಿ. ಸಾರ್ಜೆಂಟ್ ಏನೂ ಹೇಳಲಿಲ್ಲ. ಅದನ್ನು ಒರೆಸಿ ಅದರ ಜಾಗದಲ್ಲಿ ತೂಗುಹಾಕಿದರು. ಆ ಮೇಲೆ ಎಲ್ಲರಿಗೂ ಚಹಾ ತರಿಸಿದರು.

ಪ್ರಶ್ನೆ: ದೊಡ್ಡ ಅಧಿಕಾರಿ "ಹೋಗಲೇಬೇಕು" ಅಂತ ಹಠ ಹಿಡಿದರೆ ಪೈಲಟ್ ಏನು ಮಾಡಬೇಕು? (ಓದುಗರು, ಮೈಸೂರು)

ಉತ್ತರ: ಆಗಲ್ಲ ಅನ್ನಬೇಕು. ಹೇಳುವುದು ಸುಲಭ, ಗೊತ್ತು ನನಗೆ.

ಬ್ರಿಟನ್ನಿನ ಏರ್ ಚೀಫ್ ಮಾರ್ಷಲ್ ಲೀ-ಮಾಲರಿ ಅವರನ್ನು 1944ರಲ್ಲಿ ನಮ್ಮ ಕಡೆಯ ವಾಯುಸೇನೆಯ ಮುಖ್ಯಸ್ಥರಾಗಿ ನೇಮಿಸಿದರು. ಕಚೇರಿ ಸಿಲೋನಿನಲ್ಲಿ. ನವೆಂಬರ್ 14ರಂದು ಹೆಂಡತಿಯ ಜೊತೆ ಯಾರ್ಕ್ ಸಾಗಣೆ ವಿಮಾನ ಹತ್ತಿ ಹೊರಟರು. ದಾರಿಯ ಹವೆ ಚೆನ್ನಾಗಿಲ್ಲ ಅಂತ ಹೇಳಿದರೂ ಕೇಳಲಿಲ್ಲ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ವಿಮಾನ ಬಡಿಯಿತು. ಹತ್ತೂ ಜನ ಸತ್ತರು. ಹಿಮ ಕರಗಿದ ಮೇಲೆ, 1945ರ ಜೂನ್‌ನಲ್ಲಿ ಊರಿನವರೊಬ್ಬರ ಕಣ್ಣಿಗೆ ಬಿತ್ತು. ಲೀ-ಮಾಲರಿ ಅವರ ಅಣ್ಣ ಜಾರ್ಜ್ ಮಾಲರಿ 1924ರಲ್ಲಿ ಎವರೆಸ್ಟ್ ಮೇಲೆ ಕಾಣೆಯಾದವರು. ಒಂದೇ ಮನೆಯ ಇಬ್ಬರು, ಇಬ್ಬರೂ ಹಿಮದ ಬೆಟ್ಟದಲ್ಲಿ. ಆ ವಿಮಾನದ ಸಿಬ್ಬಂದಿಯ ಹೆಸರು ಯಾರಿಗೂ ನೆನಪಿಲ್ಲ ಅನ್ನುವುದೇ ನನಗೆ ಬೇಜಾರು. ಅವರಿಗೆ ಆ ಪ್ರಯಾಣ ಬೇಕಿರಲಿಲ್ಲ.

ಪ್ರಶ್ನೆ: ನೇತಾಜಿ ಹತ್ತಿದ ವಿಮಾನ ಸಾಗಣೆ ವಿಮಾನವೇ? ಅದು ಬಿದ್ದದ್ದು ಯಾಕೆ? (ಮೂರು ಜನ ಕೇಳಿದ್ದೀರಿ)

ಉತ್ತರ: ಅದು ಜಪಾನಿನ ಕಿ-21 ಬಾಂಬರ್, ಜನರನ್ನು ಸಾಗಿಸಲು ಬಳಸುತ್ತಿದ್ದರು. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ, ಈಗಿನ ತೈಪೇ, ಮೇಲೇರುತ್ತಿದ್ದ ಹಾಗೇ ದೊಡ್ಡ ಸದ್ದಾಗಿ ಎಡಗಡೆಯ ಪ್ರೊಪೆಲ್ಲರ್ ಕಿತ್ತು ಬಿತ್ತು ಅಂತ ಬದುಕುಳಿದವರ ಹೇಳಿಕೆ. ಅವರಲ್ಲಿ ನೇತಾಜಿಯ ಜೊತೆಗಿದ್ದ ಆಜಾದ್ ಹಿಂದ್ ಫೌಜಿನ ಅಧಿಕಾರಿ ಹಬೀಬುರ್ ರೆಹಮಾನ್ ಕೂಡ ಒಬ್ಬರು. ವಿಮಾನದಲ್ಲಿ ಭಾರ ಜಾಸ್ತಿ ಇತ್ತು ಅನ್ನುವ ಮಾತೂ ಆ ಹೇಳಿಕೆಗಳಲ್ಲಿ ಬರುತ್ತದೆ. 1956ರ ಶಾ ನವಾಜ್ ಸಮಿತಿ, 1974ರ ಖೋಸ್ಲಾ ಆಯೋಗ ನೇತಾಜಿ ಈ ಅಪಘಾತದಲ್ಲೇ ತೀರಿಕೊಂಡರು ಅನ್ನುವುದನ್ನು ಒಪ್ಪಿದವು. ಮುಖರ್ಜಿ ಆಯೋಗ ಒಪ್ಪಲಿಲ್ಲ, ಆ ವರದಿಯನ್ನು ಸರ್ಕಾರ ಒಪ್ಪಲಿಲ್ಲ. ಮನೆಯಲ್ಲಿ ಇದರ ಬಗ್ಗೆ ಜಗಳವಾಡುವವರು ಆ ಮೂರೂ ವರದಿ ಓದಿ ಆಮೇಲೆ ಜಗಳವಾಡಿ ಅಂತ ನನ್ನ ವಿನಂತಿ.

ಪ್ರಶ್ನೆ: ತಮ್ಮವರೇ ತಮ್ಮ ವಿಮಾನ ಹೊಡೆದದ್ದು ಉಂಟೇ? (ಓದುಗರು, ಉಡುಪಿ)

ಉತ್ತರ: ಉಂಟು. 1943ರ ಜುಲೈ 11ರ ರಾತ್ರಿ ಇಟಲಿಯ ಸಿಸಿಲಿ ದ್ವೀಪಕ್ಕೆ 144 ಸಿ-47ಗಳು ಅಮೆರಿಕದ ಪ್ಯಾರಾಶೂಟ್ ಸೈನಿಕರನ್ನು ಹೊತ್ತು ಬಂದವು. ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಜರ್ಮನ್ನರು ಕಡಲಿನಲ್ಲಿದ್ದ ಅಮೆರಿಕದ ಕಡೆಯ ಹಡಗುಗಳಿಗೆ ಬಾಂಬ್ ಹಾಕಿ ಹೋಗಿದ್ದರು. ಕತ್ತಲಲ್ಲಿ ಮತ್ತೆ ಇಂಜಿನ್ ಸದ್ದು ಕೇಳಿ ಯಾರೋ ಒಬ್ಬ ಗುಂಡು ಹಾರಿಸಿದ, ಆಮೇಲೆ ಎಲ್ಲ ಹಡಗುಗಳೂ ಶುರುಮಾಡಿದವು. 23 ವಿಮಾನ ಹೋದವು. ಮುಂದಿನ ವರ್ಷ ಫ್ರಾನ್ಸಿನ ನಾರ್ಮಂಡಿಗೆ ದಾಳಿಗೆ ಹೋಗುವಾಗ ರೆಕ್ಕೆಗೆ ಕಪ್ಪು ಬಿಳಿ ಪಟ್ಟೆ ಬಳಿದದ್ದು ಇಂಥ ತಪ್ಪು ಮತ್ತೆ ಆಗದಿರಲಿ ಅಂತಲೇ.

ಪ್ರಶ್ನೆ: 56 ವರ್ಷದ ಹಿಂದಿನ ಸೈನಿಕರ ದೇಹಗಳು ಹಿಮದಲ್ಲಿ ಸಿಕ್ಕವು ಅಂತ ಸುದ್ದಿ ಬಂದಿತ್ತು. ಅದು ಯಾವ ವಿಮಾನ? (ಮಾಜಿ ಸೈನಿಕರು, ಮಡಿಕೇರಿ)

ಉತ್ತರ: ಯುದ್ಧ ನಡೆಯುತ್ತಿದ್ದ ಕಾಲದ್ದಲ್ಲ, ಆದರೂ ಹೇಳುತ್ತೇನೆ ಸರ್, ನೀವು ಕೇಳಿದ್ದೀರಿ ಅನ್ನುವುದಕ್ಕೆ. ನಮ್ಮ ವಾಯುಪಡೆಯ ಎಎನ್-12 ಸಾಗಣೆ ವಿಮಾನ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ 102 ಜನರನ್ನು ಹೊತ್ತು ಹೊರಟಿತ್ತು. ಲೇಹ್ ಹತ್ತಿರ ಹವೆ ಕೆಟ್ಟಿದೆ ಅಂತ ಪೈಲಟ್ ವಾಪಸ್ ತಿರುಗಿಸಿದರು, ಅದು ಸರಿಯಾದ ತೀರ್ಮಾನವೇ. ರೋಹ್ತಾಂಗ್ ಹತ್ತಿರ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಲಾಹೌಲ್ ಕಡೆಯ ಹಿಮನದಿಯಲ್ಲಿ ಅವಶೇಷ ಸಿಕ್ಕಿತು. ಅಲ್ಲಿಂದ ಸೇನೆ ಮತ್ತೆ ಮತ್ತೆ ಹೋಗಿ ಹುಡುಕುತ್ತಿದೆ. ಹಿಮನದಿ ನಿಧಾನವಾಗಿ ಜಾರುತ್ತದೆ, ಒಳಗಿದ್ದದ್ದನ್ನು ಒಂದೊಂದಾಗಿ ಹೊರಗೆ ಬಿಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಇನ್ನೂ ನಾಲ್ಕು ದೇಹ ಸಿಕ್ಕವು, ಊರಿಗೆ ಹೋದವು. ಕಾದು ಕೂತಿದ್ದ ತಂದೆ ತಾಯಿ ಯಾರೂ ಇರಲಿಲ್ಲ, ತಮ್ಮಂದಿರು, ಮೊಮ್ಮಕ್ಕಳು ಹೆಗಲು ಕೊಟ್ಟರು.

ಪ್ರಶ್ನೆ: ಹಂಪ್ ವಿಮಾನಗಳ ಅವಶೇಷ ಈಗ ನೋಡಲು ಸಿಗುತ್ತದೆಯೇ? ಈಶಾನ್ಯಕ್ಕೆ ಪ್ರವಾಸ ಹೋಗುವವರಿದ್ದೇವೆ. (ದಂಪತಿ, ಧಾರವಾಡ)

ಉತ್ತರ: ಸಿಗುತ್ತದೆ. ಅರುಣಾಚಲದ ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಇದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಊರು ಸಿಯಾಂಗ್ ನದಿಯ ದಂಡೆಯಲ್ಲಿದೆ, ಅಸ್ಸಾಮಿನ ದಿಬ್ರುಗಢ ಕಡೆಯಿಂದ ಹೋಗಬಹುದು. ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್ ಬೇಕು, ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ಕಾಡಿನೊಳಗೆ ಇನ್ನೂ ಎಷ್ಟೋ ವಿಮಾನ ಬಿದ್ದಲ್ಲೇ ಇವೆ, ಕೆಲವುದರಲ್ಲಿ ಮನುಷ್ಯರ ಮೂಳೆ ಇದೆ, ಅಮೆರಿಕದವರು ಇವತ್ತಿಗೂ ಹುಡುಕಲು ಬರುತ್ತಾರೆ. ಹಾಗಾಗಿ ಅಲ್ಲಿ ದಾರಿಯಲ್ಲಿ ಅಲ್ಯೂಮಿನಿಯಂ ಚೂರು ಕಂಡರೆ ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಊರಿನ ಹಿರಿಯರಿಗೆ ತೋರಿಸಿ. ಮತ್ತೆ ಬಂದ ಮೇಲೆ ನನಗೊಂದು ಪತ್ರ ಬರೆಯಿರಿ, ಏನೇನು ನೋಡಿದಿರಿ ಅಂತ.